ಬಿಸಿನೆಸ್ ಕೋಚ್ ಇಟ್ಕೊಳ್ಳೋದಾ ಬೇಡ್ವಾ?

ಪ್ರಶ್ನೆ: ನಾಲ್ಕು ಜನ ಕೆಲಸಕ್ಕಿರೋ ಸಣ್ಣ ಬಿಸಿನೆಸ್ ನಂದು. ಆರ್ಡರ್ ಏನೋ ಬರ್ತಿದೆ, ಆದ್ರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯಲ್ಲ, ಪ್ರತಿಯೊಂದಕ್ಕೂ ನಾನೇ ಇರ್ಬೇಕು, ರಾತ್ರಿ 11ಕ್ಕೂ ಬಿಲ್ ಮಾಡ್ತಾ ಕೂತಿರ್ತೀನಿ. ಕೋಚ್ ಇಟ್ಕೊಂಡ್ರೆ ಉಪಯೋಗ ಆಗತ್ತಾ, ಇಲ್ಲ ದುಡ್ಡು ದಂಡಾನಾ?

ಉತ್ತರ 1: ದುಡ್ಡು ಉಳಿಯಲ್ಲ ಅಂದ್ರೆ ಮೊದ್ಲು ಅಕೌಂಟೆಂಟ್ ಹತ್ರ ಹೋಗಿ ಗುರುಗಳೇ. ರೇಟ್ ಕಮ್ಮಿ ಹಾಕಿದೀರಾ, ಬಾಕಿ ವಸೂಲಿ ಆಗ್ತಿಲ್ವಾ ಅಂತ ಲೆಕ್ಕದಲ್ಲೇ ಗೊತ್ತಾಗತ್ತೆ. ಕೋಚ್ ಪ್ರಶ್ನೆ ಕೇಳಿ ಕೇಳಿ ನಿಮ್ಮ ಬಾಯಿಂದ್ಲೇ ಉತ್ತರ ಹೊರಡಿಸ್ತಾರೆ, ಲೆಕ್ಕ ಬರೆಯಲ್ಲ.

ಉತ್ತರ 2: ನಾನು ಆರು ತಿಂಗ್ಳು ತಗೊಂಡಿದ್ದೆ. ಮೊದಲನೇ ಸೆಷನ್ನಲ್ಲೇ ಹೋದ ವಾರ ನೀವೇ ಮಾಡ್ಲೇಬೇಕಿದ್ದ ಕೆಲಸ ಮಾತ್ರ ಬರೀರಿ ಅಂದ್ರು, ಅಷ್ಟುದ್ದ ಪಟ್ಟಿ ಹೊಡೆದು ಹೊಡೆದು ಕೊನೆಗೆ ಮೂರೇ ಉಳೀತು, ನಾಚಿಕೆ ಆಯ್ತು. ಆದ್ರೆ ಹೇಳಿದ್ದನ್ನ ಮಾಡೋಕೆ ವಾರಕ್ಕೆ ಎರಡ್ಮೂರು ಗಂಟೆನೂ ಬಿಡುವಿಲ್ಲ ಅಂದ್ರೆ ಕೈ ಹಾಕ್ಬೇಡಿ.

ಉತ್ತರ 3: ಕೋಚ್ ಅಂತ ಬೋರ್ಡ್ ಹಾಕ್ಕೊಳ್ಳೋಕೆ ಸಾಮಾನ್ಯವಾಗಿ ಯಾವ ಲೈಸೆನ್ಸೂ ಬೇಕಿಲ್ಲ, ಹುಷಾರು. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್‌ನ ಪಿಸಿಸಿ (ಪ್ರೊಫೆಷನಲ್ ಸರ್ಟಿಫೈಡ್ ಕೋಚ್) ಅನ್ನೋ ಸರ್ಟಿಫಿಕೇಟ್ ಸಿಗ್ಬೇಕಂದ್ರೆ 500 ಗಂಟೆ ಕೋಚಿಂಗ್ ಮಾಡಿರ್ಬೇಕು, ಅದಿದ್ಯಾ ಕೇಳಿ. ಇದ್ರೂ ನಿಮ್ಮ ಲೈನ್ ಗೊತ್ತು ಅಂತೇನಲ್ಲ ಬಿಡಿ. ಲಾಭ ಡಬಲ್ ಗ್ಯಾರಂಟಿ ಅಂದ್ರೆ ಮಾತ್ರ ಅಲ್ಲಿಂದ್ಲೇ ಎದ್ದು ಬನ್ನಿ.

ಪ್ರಶ್ನೆ ಕೇಳಿದವರು: ಬಾಕಿ ಲೆಕ್ಕ ತೆಗೆದು ನೋಡ್ದೆ... ಮೂರು ತಿಂಗಳಿಂದ ಇಬ್ಬರ ಹತ್ರ ಕೇಳೇ ಇಲ್ಲ ನಾನು 🙈