ಪ್ರೆಸ್ ಹಾಕಿದಾಗ ಚೆಂಡು ಯಾರ ಕೈಯಲ್ಲಿರಬೇಕು?

ಡಲ್ಲಾಸ್ ಕನ್ನಡಿಗ:
ಅಮೆರಿಕದ ಕಾಲೇಜ್ ಬ್ಯಾಸ್ಕೆಟ್‌ಬಾಲ್ ನೋಡುವವರಿಗೆ ಒಂದು ಪ್ರಶ್ನೆ. 2016ರ ಎನ್‌ಸಿಎಎ ಟೂರ್ನಿಯ ಟೆಕ್ಸಾಸ್ ಎ ಅಂಡ್ ಎಂ ಮತ್ತು ನಾರ್ದರ್ನ್ ಅಯೋವಾ ಪಂದ್ಯವನ್ನು ಮತ್ತೆ ನೋಡಿದೆ. 44 ಸೆಕೆಂಡ್ ಉಳಿದಿದ್ದಾಗ ನಾರ್ದರ್ನ್ ಅಯೋವಾ 69-57ರಲ್ಲಿ ಮುಂದಿತ್ತು. ಎ ಅಂಡ್ ಎಂ ಹುಡುಗರು ಅಂಕಣದ ಉದ್ದಕ್ಕೂ ಪ್ರೆಸ್ ಹಾಕಿದರು, ಅಂದರೆ ಚೆಂಡು ಒಳಗೆ ಬರುವಲ್ಲಿಂದಲೇ ಮೇಲೆ ಬಿದ್ದು ಒತ್ತಡ ಹಾಕಿದರು. ನಾರ್ದರ್ನ್ ಅಯೋವಾದವರು ಮೇಲಿಂದ ಮೇಲೆ ಚೆಂಡು ಕಳೆದುಕೊಂಡರು. ಸಮಯ ಮುಗಿದಾಗ 71-71! ಎರಡು ಓವರ್‌ಟೈಮ್ ಆಡಿ 92-88ಕ್ಕೆ ಸೋತರು. ನನ್ನ ಪ್ರಕಾರ ತಂಡದ ಒಳ್ಳೆಯ ಡ್ರಿಬ್ಲರ್‌ಗೆ (ಚೆಂಡನ್ನು ನೆಲಕ್ಕೆ ಬಡಿಯುತ್ತಾ ಮುಂದೊಯ್ಯುವವನಿಗೆ) ಚೆಂಡು ಕೊಟ್ಟು, ಉಳಿದವರೆಲ್ಲ ಮುಂದೆ ಓಡಿ ಜಾಗ ಬಿಡಬೇಕಿತ್ತು. ಅಷ್ಟೇ ಅಲ್ವಾ?

ಮೈಸೂರು ಕೋಚ್:
ಎದುರಾಳಿಗಳು ಒಬ್ಬೊಬ್ಬರನ್ನೇ ಹಿಡಿದುಕೊಂಡು ಮ್ಯಾನ್ ಟು ಮ್ಯಾನ್ ಆಡುತ್ತಿದ್ದರೆ ನೀವು ಹೇಳಿದ್ದು ಸರಿ. ಆದರೆ ಅವರು ಟ್ರ್ಯಾಪ್ ಮಾಡುವವರಾದರೆ ಒಂಟಿ ಡ್ರಿಬ್ಲರ್ ಅವರಿಗೆ ಸಿಕ್ಕ ಬೇಟೆ. ಬೇಕಂತಲೇ ಅವನನ್ನು ಸೈಡ್‌ಲೈನ್ ಕಡೆ ತಳ್ಳುತ್ತಾರೆ, ಮೂಲೆ ಬಂದ ತಕ್ಷಣ ಎರಡನೆಯವನು ಓಡಿಬರುತ್ತಾನೆ. ಡ್ರಿಬಲ್ ನಿಂತಿತು ಅಂದರೆ ಕಥೆ ಮುಗೀತು.

ಲೆಕ್ಕ ನೋಡಿ. ಇಬ್ಬರು ಚೆಂಡಿನ ಮೇಲೆ ಬಿದ್ದರೆ, ನಮ್ಮ ಉಳಿದ ನಾಲ್ವರನ್ನು ಕಾಯೋಕೆ ಅವರಲ್ಲಿ ಇರೋದು ಮೂವರೇ. ಒಬ್ಬ ಖಾಲಿ ಇದ್ದೇ ಇರುತ್ತಾನೆ. ಟ್ರ್ಯಾಪ್ ಮುಚ್ಚಿಕೊಳ್ಳುವ ಮೊದಲೇ ಅವನಿಗೆ ಪಾಸ್ ಹೋಗಬೇಕು.

ಹಾಸನದ ಗಾರ್ಡ್:
ಸರ್, ಖಾಲಿ ಇರುವವನು ಎಲ್ಲಿರುತ್ತಾನೆ ಅಂತ ಆ ಗಡಿಬಿಡಿಯಲ್ಲಿ ಹುಡುಕೋದು ಹೇಗೆ? ಕಾಲೇಜ್ ಟೀಮಿನಲ್ಲಿ ಆಡುವಾಗ ನನಗೆ ಎದುರಿಗೆ ಕಾಣುತ್ತಿದ್ದದ್ದು ನಾಲ್ಕು ಕೈ ಮಾತ್ರ. ಅದೂ ನಮ್ಮಲ್ಲಿ ಅಂತಾರಾಷ್ಟ್ರೀಯ ಸಂಸ್ಥೆ ಫಿಬಾದ ನಿಯಮ, 8 ಸೆಕೆಂಡಿನಲ್ಲಿ ಅರ್ಧ ಅಂಕಣ ದಾಟಬೇಕು. ಅಮೆರಿಕದ ಕಾಲೇಜಿನವರಿಗೆ 10 ಸೆಕೆಂಡ್ ಇರುತ್ತದೆ.

ಮೈಸೂರು ಕೋಚ್:
ಹುಡುಕಬಾರದು, ಜಾಗ ಮೊದಲೇ ಗೊತ್ತಿರಬೇಕು. ಒಬ್ಬ ಮಧ್ಯಕ್ಕೆ ಬರಬೇಕು, ಒಬ್ಬ ಸೈಡ್‌ಲೈನ್ ಹಿಡಿದು ಮುಂದೆ, ಒಬ್ಬ ದೂರದಲ್ಲಿ ಬ್ಯಾಸ್ಕೆಟ್ ಹತ್ತಿರ. ಚೆಂಡು ಒಳಗೆ ಎಸೆದವನು ಅಂಕಣಕ್ಕೆ ಬಂದು ಚೆಂಡಿಗಿಂತ ಸ್ವಲ್ಪ ಹಿಂದೆಯೇ ನಿಲ್ಲಬೇಕು. ಮುಂದೆ ದಾರಿ ಇಲ್ಲದಿದ್ದರೆ ಅವನಿಗೇ ವಾಪಸ್ ಕೊಟ್ಟು ಆ ಕಡೆಗೆ ತಿರುಗಿಸಿ.

ಮಧ್ಯದವನ ಕೆಲಸವೇ ಎಲ್ಲಕ್ಕಿಂತ ಮುಖ್ಯ. ಅವನು ನಿಂತಲ್ಲೇ ಕೈ ಚಾಚಬಾರದು, ಚೆಂಡಿನ ಕಡೆಗೆ ಓಡಿಬರಬೇಕು. ಎರಡೂ ಕಾಲೂರಿ ನಿಂತು ಹಿಡಿಯಬೇಕು. ಹಿಡಿದ ಚೆಂಡನ್ನು ಸೊಂಟಕ್ಕೆ ಇಳಿಸದೆ ಗದ್ದದ ಕೆಳಗೆ ಇಟ್ಟುಕೊಂಡು, ಮೊಣಕೈ ಅಗಲಿಸಿ, ತಿರುಗಿ ಮುಂದೆ ನೋಡಬೇಕು. ಹೆಚ್ಚಿನವರು ಹಿಡಿದ ಕೂಡಲೇ ನೆಲಕ್ಕೆ ಬಡಿಯುತ್ತಾರೆ. ಹಿಂದಿನಿಂದ ಬಂದವನು ತಟ್ಟಿಕೊಂಡು ಹೋಗುವುದು ಆಗಲೇ.

ಶಿವಮೊಗ್ಗದ ಶೂಟರ್:
ಇದಕ್ಕೆ ಒಳ್ಳೆಯ ಉದಾಹರಣೆ 2013ರ ಮಿಷಿಗನ್. ವರ್ಜೀನಿಯಾ ಕಾಮನ್‌ವೆಲ್ತ್ ತಂಡ ಶಾಕಾ ಸ್ಮಾರ್ಟ್ ಕೋಚಿಂಗ್‌ನಲ್ಲಿ ಪ್ರೆಸ್ ಹಾಕಿಯೇ ಹೆಸರು ಮಾಡಿತ್ತು. 2011ರಲ್ಲಿ ಕೊನೆಯ ನಾಲ್ಕರವರೆಗೂ ಹೋಗಿತ್ತು. ಅಂಥವರನ್ನು ಮಿಷಿಗನ್ 78-53ರಿಂದ ಸೋಲಿಸಿತು. ಅವರ ಭಾರೀ ಆಳು ಮಿಚ್ ಮೆಕ್‌ಗ್ಯಾರಿ 21 ಪಾಯಿಂಟ್, 14 ರೀಬೌಂಡ್. ದೊಡ್ಡ ಆಟಗಾರನನ್ನು ಬ್ಯಾಸ್ಕೆಟ್ ಕೆಳಗೆ ಸುಮ್ನೆ ನಿಲ್ಲಿಸದೆ ಪ್ರೆಸ್ ಒಡೆಯೋಕೆ ಬಳಸಿಕೊಂಡರು. ಎತ್ತರದವನ ತಲೆ ಮೇಲಿನ ಪಾಸನ್ನು ಚಿಕ್ಕ ಗಾರ್ಡ್‌ಗಳು ತಡೆಯೋಕಾಗಲ್ಲ.

ಡಲ್ಲಾಸ್ ಕನ್ನಡಿಗ:
ಒಪ್ಪಿದೆ, ಆದರೆ ಅದೇ ತಂಡದಲ್ಲಿ ಟ್ರೇ ಬರ್ಕ್ ಇದ್ದ! ಆ ವರ್ಷ ಕಾಲೇಜಿನ ಅತ್ಯುತ್ತಮ ಆಟಗಾರನಿಗೆ ಕೊಡುವ ನೈಸ್ಮಿತ್ ಪ್ರಶಸ್ತಿ ಗೆದ್ದ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಮುಂದೊಯ್ದು ಆಟ ನಡೆಸುವವನು. ಅಂಥ ಡ್ರಿಬ್ಲರ್ ಇದ್ದಿದ್ದಕ್ಕೇ ಮೆಕ್‌ಗ್ಯಾರಿಗೆ ಜಾಗ ಸಿಕ್ಕಿದ್ದು. ಚೆಂಡು ಹಿಡಿಯಬಲ್ಲವನು ಇಲ್ಲದೆ ಬರೀ ಪಾಸ್ ಪಾಸ್ ಅಂದರೆ ಪ್ರತಿ ಪಾಸೂ ಕಳ್ಳತನಕ್ಕೆ ಒಂದು ಅವಕಾಶ.

ಮೈಸೂರು ಕೋಚ್:
ಇದು ಇಂದಿನ ಜಗಳವಲ್ಲ. 1964ರಲ್ಲಿ ಕೋಚ್ ಜಾನ್ ವುಡನ್ ಅವರ ಯುಸಿಎಲ್‌ಎ ತಂಡ 2-2-1 ಜೋನ್ ಪ್ರೆಸ್ (ಆಳನ್ನಲ್ಲ, ಜಾಗ ಹಂಚಿಕೊಂಡು ಕಾಯುವುದು; ಮುಂದೆ ಇಬ್ಬರು, ಮಧ್ಯೆ ಇಬ್ಬರು, ಹಿಂದೆ ಒಬ್ಬ) ಹಾಕಿ 30 ಪಂದ್ಯವನ್ನೂ ಗೆದ್ದಿತು. ಫೈನಲ್‌ನಲ್ಲಿ ಡ್ಯೂಕ್ ವಿರುದ್ಧ 98-83. ಆ ತಂಡದಲ್ಲಿ ಹೇಳಿಕೊಳ್ಳುವಂಥ ಎತ್ತರದವರು ಇರಲಿಲ್ಲ. ಎದುರಾಳಿ ಅವಸರಕ್ಕೆ ಬೀಳಬೇಕು, ಅದೇ ಅವರಿಗೆ ಬೇಕಿತ್ತು. ಒಳ್ಳೆ ಡ್ರಿಬ್ಲರ್‌ಗೂ ಅವಸರ ಹತ್ತುತ್ತೆ ಸ್ವಾಮಿ.

ಜೋನೋ ಮ್ಯಾನೋ ಗೊತ್ತಾಗದಿದ್ದರೆ ಒಬ್ಬನನ್ನು ಅಂಕಣದ ಅಡ್ಡಕ್ಕೆ ಓಡಿಸಿ ನೋಡಿ. ಡಿಫೆಂಡರ್ ಹಿಂದೆಯೇ ಬಂದರೆ ಮ್ಯಾನ್, ಬರದೆ ನಿಂತರೆ ಜೋನ್. ಮ್ಯಾನ್ ಆದರೆ ನಿಮ್ಮ ಮಾತಿನಂತೆ ಡ್ರಿಬ್ಲರ್‌ಗೆ ಜಾಗ ಬಿಡೋಣ.

ಶಿವಮೊಗ್ಗದ ಶೂಟರ್:
ಇನ್ನೊಂದು ವಿಷಯ. ನಾರ್ದರ್ನ್ ಅಯೋವಾ ಆ 44 ಸೆಕೆಂಡಿನಲ್ಲಿ ಗಳಿಸಿದ್ದು ಎರಡೇ ಪಾಯಿಂಟ್. ಅದು ಹೇಗೆ ಬಂತು ನೋಡಿ: ಪ್ರೆಸ್ ದಾಟಿ ಚೆಂಡು ಮುಂದೆ ಹೋಯಿತು, ಕ್ಲಿಂಟ್ ಕಾರ್ಲ್‌ಸನ್ ಡಂಕ್ ಹೊಡೆದ. ಪ್ರೆಸ್ ದಾಟಿದ ಮೇಲೆ ಬ್ಯಾಸ್ಕೆಟ್‌ಗೆ ಹೋಗಲೇಬೇಕು. ದಾಟಿ ಚೆಂಡು ಹಿಡಿದು ನಿಂತರೆ ಅವರು ಮತ್ತೆ ಧೈರ್ಯವಾಗಿ ಪ್ರೆಸ್ ಹಾಕುತ್ತಾರೆ. ಎರಡು ಸಲ ಲೇಅಪ್ (ಹತ್ತಿರದಿಂದ ಹಾಕುವ ಸುಲಭ ಬುಟ್ಟಿ) ಬಿದ್ದರೆ ಅವರ ಕೋಚೇ ಪ್ರೆಸ್ ತೆಗೆಯುತ್ತಾರೆ.

ಹಾಸನದ ಗಾರ್ಡ್:
ಮೊದಲಾರ್ಧದಲ್ಲಿ ಒಪ್ಪುತ್ತೇನೆ. ಕೊನೇ ನಿಮಿಷದಲ್ಲಿ ಒಪ್ಪಲ್ಲ ಅಕ್ಕ. ಆಗ ನಮಗೆ ಬೇಕಿರೋದು ಸಮಯ ಕಳೆಯೋದು. ಡಂಕ್ ಹೊಡೆದರೆ ಗಡಿಯಾರ ನಿಲ್ಲುತ್ತೆ, ಚೆಂಡು ಅವರ ಕೈಗೆ ಹೋಗುತ್ತೆ. ಹಿಡಿದುಕೊಂಡು ಓಡಾಡಿದರೆ ಅವರೇ ಫೌಲ್ ಮಾಡಬೇಕು, ನಮಗೆ ಫ್ರೀ ಥ್ರೋ.

ಶಿವಮೊಗ್ಗದ ಶೂಟರ್:
ಫ್ರೀ ಥ್ರೋ ಎರಡೂ ಬೀಳುತ್ತೆ ಅನ್ನೋ ಭರವಸೆ ಎಲ್ಲಿ ತಮ್ಮಾ? ಖಾಲಿ ಬ್ಯಾಸ್ಕೆಟ್ ಎದುರಿಗಿದ್ದರೆ ನಾನಂತೂ ಹಾಕೇ ಹಾಕುತ್ತೇನೆ.

ಮೈಸೂರು ಕೋಚ್:
ಅದಕ್ಕೂ ಮೊದಲು ಚೆಂಡು ಒಳಗೆ ಬರಬೇಕಲ್ಲ. ಎಸೆಯೋಕೆ 5 ಸೆಕೆಂಡ್. ಎದುರಾಳಿ ಬುಟ್ಟಿ ಹಾಕಿದ ಮೇಲಾದರೆ ಎಸೆಯುವವನು ಗೆರೆಯ ಉದ್ದಕ್ಕೂ ಓಡಾಡಬಹುದು. ಚೆಂಡು ಹೊರಗೆ ಹೋಗಿ ಸಿಕ್ಕಿದ್ದಾದರೆ ಇದ್ದಲ್ಲೇ ನಿಲ್ಲಬೇಕು. ಈ ವ್ಯತ್ಯಾಸವೇ ಎಷ್ಟೋ ಹುಡುಗರಿಗೆ ಗೊತ್ತಿರಲ್ಲ.

2015-16ರಲ್ಲಿ ಎನ್‌ಸಿಎಎ ಪುರುಷರ ಆಟದಲ್ಲಿ ಬಂದ ನಿಯಮದಂತೆ ಚೆಂಡು ಆಟದಲ್ಲಿರುವಾಗ ಕೋಚ್ ಟೈಮ್‌ಔಟ್ ಕೇಳುವಂತಿರಲಿಲ್ಲ, ಆಟಗಾರನೇ ಕೇಳಬೇಕಿತ್ತು; 2019-20ರಿಂದ ಕೊನೆಯ ಎರಡು ನಿಮಿಷದಲ್ಲಿ ಮಾತ್ರ ಕೋಚ್‌ಗೂ ಅವಕಾಶ ಕೊಟ್ಟರು. ಉಳಿದ ಸಮಯದಲ್ಲಿ ಟ್ರ್ಯಾಪ್ ಒಳಗೆ ಸಿಕ್ಕವನು ಬೆಂಚಿನ ಕಡೆ ನೋಡುತ್ತಾ ನಿಂತರೆ ಯಾರೂ ಕಾಪಾಡಲ್ಲ. ನಮ್ಮ ಪ್ರಾಕ್ಟೀಸಿನಲ್ಲಿ ಎಸೆಯುವವನ ಪಕ್ಕ ಒಬ್ಬ ಜೋರಾಗಿ ಎಣಿಸುತ್ತಾನೆ. ಅಮೆರಿಕದ ಕಾಲೇಜ್ ನಿಯಮದಲ್ಲಾದರೆ, ಮೂರಕ್ಕೂ ದಾರಿ ಕಾಣದಿದ್ದರೆ ಎಸೆಯುವವನೇ ಟೈಮ್‌ಔಟ್ ಕೂಗಬೇಕು.

ಡಲ್ಲಾಸ್ ಕನ್ನಡಿಗ:
ಹಾಗಾದರೆ ಎಸೆಯುವವನು ಯಾರಾಗಿರಬೇಕು ಸರ್? ನನ್ನ ಮಟ್ಟಿಗೆ ಆ ಜಾಗಕ್ಕೆ ಡ್ರಿಬ್ಲರ್ ಬೇಡವೇ ಬೇಡ, ಅವನು ಒಳಗಿರಬೇಕು.

ಮೈಸೂರು ಕೋಚ್:
ಅಲ್ಲಿ ನಾವಿಬ್ಬರೂ ಒಂದೇ. ಎತ್ತರ ಇರಬೇಕು, ಪಾಸ್ ಚೆನ್ನಾಗಿರಬೇಕು, ಫ್ರೀ ಥ್ರೋನೂ ಬರಬೇಕು. ವಾಪಸ್ ಚೆಂಡು ಬರೋದು ಅವನ ಕೈಗೇ, ಫೌಲ್ ಬೀಳೋದೂ ಅವನ ಮೇಲೇ.