ಸರ್ಕಾರ ಪೊಲೀಸು, ಕೋರ್ಟು, ಮಿಲ್ಟ್ರಿ ಬಿಟ್ಟು ಬೇರೇನೂ ಮಾಡ್ಬಾರ್ದು ಅಂತಾರೆ ನಮ್ ಭಾವ, ಏನ್ ಉತ್ತರ ಕೊಡ್ಲಿ?

ಹಿಪ್ನೇರಳೆ ಹುಡ್ಗ (ಶಿಡ್ಲಘಟ್ಟ)

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೈಕೋಬೇಡಿ.

ಹೊಸ್ತೊಡ್ಕು ದಿನ ಅಕ್ಕ ಭಾವ ಬಂದಿದ್ರು. ಭಾವ ಬೆಂಗ್ಳೂರಲ್ಲಿ ಸಾಫ್ಟ್‌ವೇರು, ಒಳ್ಳೆ ಮನುಷ್ಯ, ನಮ್ಮಪ್ಪನ ಮುಂದೆ ಇದುವರ್ಗೂ ಒಂದ್ ಮಾತು ಜೋರಾಗಿ ಆಡಿದೋರಲ್ಲ, ಆದ್ರೆ ಈಗೊಂದ್ ವರ್ಷದಿಂದ ಅದೇನೇನೋ ವಿಡಿಯೋ ನೋಡಿ ನೋಡಿ ನಾನು ಲಿಬರ್ಟೇರಿಯನ್ ಅಂತ ಹೇಳ್ಕೊಂಡ್ ಓಡಾಡ್ತಾವ್ರೆ. ಅವ್ರ ಪ್ರಕಾರ ಟ್ಯಾಕ್ಸ್ ಅಂದ್ರೆನೇ ಬಲವಂತದ ವಸೂಲಿ. ಗೃಹಲಕ್ಷ್ಮಿ 2000 ರೂಪಾಯಿ ತಪ್ಪು, ಫ್ರೀ ಬಸ್ ತಪ್ಪು, ಸರ್ಕಾರಿ ಆಸ್ಪತ್ರೆನೂ ತಪ್ಪು, ಎಲ್ಲಾ ಪ್ರೈವೇಟ್ ಮಾಡಿದ್ರೆ ಪೈಪೋಟಿ ಬಿದ್ದು ರೇಟು ಇಳಿತದೆ ಅಂತ. ಬೇರೆ ದೇಶದ ಜೊತೆ ಯುದ್ಧನೂ ಬೇಡ, ಸಾಲ ಸಹಾಯನೂ ಬೇಡ, ಸುಂಕನೂ ಬೇಡ, ಬರೀ ವ್ಯಾಪಾರ ಇರ್ಲಿ ಅಂತ.

ಅಲ್ಲಿವರ್ಗೂ ಅಪ್ಪ ಸುಮ್ನೆ ಊಟ ಮಾಡ್ತಿದ್ರು. ಸುಂಕ ಅಂದ ತಕ್ಷಣ ಕಿವಿ ನೆಟ್ಟಗಾಯ್ತು. ನಮ್ದು ರೇಷ್ಮೆ ಹುಳ ಸಾಕೋ ಮನೆ. "ಹಂಗಾದ್ರೆ ಚೀನಾ ರೇಷ್ಮೆ ಮೇಲಿನ ಸುಂಕನೂ ಬೇಡ್ವಾ ಅಳಿಯಂದ್ರೇ?" ಅಂದ್ರು. ಭಾವ "ಅದೂ ಬೇಡ ಮಾವ" ಅಂದೇಬಿಟ್ರು. ಅಪ್ಪ ಮುದ್ದೆ ಮುರಿಯೋದು ನಿಲ್ಸಿ ಸ್ವಲ್ಪ ಹೊತ್ತು ಅವ್ರ ಮುಖನೇ ನೋಡಿದ್ರು, ಆಮೇಲೆ ಅಮ್ಮಂಗೆ "ಅವ್ರಿಗೆ ಇನ್ನೆರಡು ಪೀಸ್ ಹಾಕೇ" ಅಂದ್ರು. ಅಷ್ಟೇ, ಆವತ್ತು ಮತ್ತೆ ಮಾತಿಲ್ಲ.

ಇದೇ ಅಪ್ಪಂಗೆ ಹೋದ್ ವರ್ಷ ಹಾರ್ಟಿಗೆ ಸ್ಟೆಂಟ್ ಹಾಕಿದ್ದು ಸರ್ಕಾರದ ಕಾರ್ಡಲ್ಲೇ. ಅದನ್ನ ಹೇಳಿ ಭಾವನ ಬಾಯಿ ಮುಚ್ಚಿಸ್ಬೋದಿತ್ತು, ಊಟದ ಹೊತ್ತಲ್ಲಿ ಬೇಡ ಅಂತ ಬಿಟ್ಟೆ. ಆದ್ರೆ ಅವ್ರು ಹೇಳೋದ್ರಲ್ಲಿ ಏನೂ ಇಲ್ವೇ ಇಲ್ಲ ಅಂತಾನೂ ಅನ್ಸಲ್ಲ. ತಿಳಿದೋರು ಹೇಳಿ.

ಪರ್ಮಿಟ್ ಬೇಡ (ತುಮಕೂರು)

ನಾನೂ ನಿಮ್ ಭಾವನ ಗುಂಪೇ, ಮೊದ್ಲೇ ಹೇಳ್ಬಿಡ್ತೀನಿ.

ಇದು ಅಮೆರಿಕದ ವಿಡಿಯೋ ನೋಡಿ ಬಂದ ಹೊಸ ಹುಚ್ಚು ಅಂತ ತುಂಬಾ ಜನ ಅಂದ್ಕೋತಾರೆ. ನಮ್ಮಲ್ಲೇ 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಗೆ ದೇಶದ ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರೆಲ್ಲಾ ಸೈ ಅಂದಾಗ ಒಬ್ರೇ ಒಬ್ರು ಒಪ್ಪಲ್ಲ ಅಂತ ಬರ್ದುಕೊಟ್ರು, ಬಿ.ಆರ್. ಶೆಣೈ ಅಂತ. ನೋಟ್ ಪ್ರಿಂಟ್ ಮಾಡಿ ಯೋಜನೆ ಮಾಡಿದ್ರೆ ಬೆಲೆ ಏರ್ತದೆ ಅಂದ್ರು. ಆಮೇಲೆ 1959ರಲ್ಲಿ ರಾಜಾಜಿ (ಸಿ. ರಾಜಗೋಪಾಲಾಚಾರಿ) ಸರ್ಕಾರದ ಹಿಡಿತ ಕಮ್ಮಿ ಆಗ್ಲಿ ಅಂತ ಸ್ವತಂತ್ರ ಪಕ್ಷ ಕಟ್ಟಿದ್ರು. ಹೊಸೂರು ಹತ್ರದ ಹಳ್ಳಿಯೋರು, ಬೆಂಗ್ಳೂರು ಸೆಂಟ್ರಲ್ ಕಾಲೇಜಲ್ಲಿ ಓದಿದೋರು, ಅಂದ್ರೆ ನಮ್ ಪಕ್ಕದ ಮನೆಯೋರೇ ಅನ್ನಿ. ಪರ್ಮಿಟ್ ಲೈಸೆನ್ಸ್ ಕೋಟಾ ರಾಜ್, ಅಂದ್ರೆ ಏನ್ ಮಾಡೋಕೂ ಸರ್ಕಾರದ ಅನುಮತಿ ಬೇಕು ಅನ್ನೋ ಆಡಳಿತ, ಆ ಮಾತು ಅವರದ್ದೇ. 1967ರಲ್ಲಿ ಆ ಪಕ್ಷಕ್ಕೆ ಲೋಕಸಭೆಲಿ 44 ಸೀಟ್ ಬಂದಿತ್ತು, ವಿರೋಧ ಪಕ್ಷಗಳಲ್ಲಿ ಅದೇ ದೊಡ್ಡದು.

ಖರ್ಚಿನ ವಿಷಯಕ್ಕೆ ಬರೋಣ. 2025-26ರ ಕೇಂದ್ರ ಬಜೆಟ್ 50.65 ಲಕ್ಷ ಕೋಟಿ. ಅದ್ರಲ್ಲಿ ಬರೀ ಬಡ್ಡಿಗೇ 12.76 ಲಕ್ಷ ಕೋಟಿ. ರೂಪಾಯಿಗೆ ನಾಲ್ಕಾಣೆ ಹಳೇ ಸಾಲದ ಬಡ್ಡಿಗೆ ಹೋಗ್ತದೆ ಸ್ವಾಮಿ, ಅಸಲು ಹಂಗೇ ಕೂತಿರ್ತದೆ. ಆರೋಗ್ಯ ಇಲಾಖೆಗೆ ಸಿಗೋದು ಒಂದು ಲಕ್ಷ ಕೋಟಿ ಹತ್ರ. ಸರ್ಕಾರ ಬಡವರಿಗೆ ಖರ್ಚು ಮಾಡ್ತದೆ ಅಂತ ಕಣ್ಣೀರು ಹಾಕೋರು ಮೊದ್ಲು ಈ ಎರಡು ಅಂಕಿ ಪಕ್ಕಪಕ್ಕ ಇಟ್ಕೊಂಡು ನೋಡ್ಲಿ.

ಆರೋಗ್ಯದ ಬಗ್ಗೆ: ಪ್ರೈವೇಟ್ ಮಾಡಿದ್ರೆ ಅಮೆರಿಕ ತರ ದುಬಾರಿ ಆಗ್ತದೆ ಅಂತ ಯಾರಾದ್ರೂ ಖಂಡಿತ ಹೇಳ್ತೀರ ಇಲ್ಲಿ. ಅಮೆರಿಕ ಹಂಗಾಗಿದ್ದು ಮಾರ್ಕೆಟ್‌ನಿಂದ ಅಲ್ಲ. ಎರಡನೇ ಮಹಾಯುದ್ಧದ ಟೈಮು, 1942ರಲ್ಲಿ ಅಲ್ಲಿನ ಸರ್ಕಾರ ಯಾರ ಸಂಬಳನೂ ಏರಿಸ್ಬಾರ್ದು ಅಂತ ತಡೆ ಹಾಕ್ತು. ಕಂಪನಿಗಳಿಗೆ ಆಳು ಬೇಕು, ಸಂಬಳ ಏರ್ಸಂಗಿಲ್ಲ, ಹಂಗಾಗಿ ಇನ್ಶೂರೆನ್ಸ್ ಕೊಡ್ತೀವಿ ಬನ್ನಿ ಅಂತ ಶುರು ಮಾಡಿದ್ರು. 1954ರಲ್ಲಿ ಅದಕ್ಕೆ ಟ್ಯಾಕ್ಸ್ ಇಲ್ಲ ಅಂತ ಕಾನೂನಲ್ಲೇ ಸೇರಿಸಿದ್ರು. ಅಲ್ಲಿಂದ ಕೆಲಸಕ್ಕೂ ಕಾಯಿಲೆಗೂ ಗಂಟು ಬಿತ್ತು, ಕೆಲಸ ಹೋದ್ರೆ ಇನ್ಶೂರೆನ್ಸೂ ಹೋಯ್ತು. ಬಿಲ್ಲು ಕಟ್ಟೋನು ಬೇರೆ, ಔಷಧಿ ತಗೊಳ್ಳೋನು ಬೇರೆ ಆದಾಗ ರೇಟು ಯಾರು ಕೇಳ್ತಾರೆ? ಈಗ ಅವರ ಜಿಡಿಪಿಲಿ ಸುಮಾರು 17 ಪರ್ಸೆಂಟ್ ಆರೋಗ್ಯಕ್ಕೇ ಹೋಗ್ತದೆ.

ಚೀನಾ ರೇಷ್ಮೆ ವಿಷಯ ಸೂಕ್ಷ್ಮ, ಮಾವನವರ ಮುಂದೆ ಹೇಳಿದ್ದು ಭಾವಂದೇ ತಪ್ಪು 😄

ಚಾಂಪಿಯನ್ ರೀಫ್ (ಕೆಜಿಎಫ್)

ತಮ್ಮಾ ತುಮಕೂರು, ಓದ್ಕೊಂಡಿದ್ದೀಯ, ಸಂತೋಷ. ನಾನು ಓದಿದ್ದು ಕಮ್ಮಿ, ನೋಡಿದ್ದು ಹೇಳ್ತೀನಿ.

ನಮ್ಮೂರಲ್ಲಿ ನೀವು ಹೇಳೋ ಎರಡೂ ಪ್ರಯೋಗ ನಡೆದೈತೆ. 1880ರಿಂದ ಜಾನ್ ಟೇಲರ್ ಕಂಪನಿ, ಪಕ್ಕಾ ಪ್ರೈವೇಟು. 1956ರಲ್ಲಿ ಸರ್ಕಾರ ತಗೊಂತು. 2001 ಫೆಬ್ರವರಿ 28ಕ್ಕೆ ಬೀಗ. ಕಂಪನಿ ಟೈಮಲ್ಲಿ ಎಲ್ಲಾ ಚೆನ್ನಾಗಿತ್ತು, ಸರ್ಕಾರ ಬಂದು ಹಾಳು ಮಾಡ್ತು ಅಂತ ಹೇಳೋ ಹಳಬರು ಈಗ್ಲೂ ಅವ್ರೆ. ಸುಳ್ಳಲ್ಲ ಅದು, ಕಂಪನಿ ಆಸ್ಪತ್ರೆ ಇತ್ತು, ಕರೆಂಟು 1902ರಲ್ಲೇ ಶಿವನಸಮುದ್ರದಿಂದ ಬಂತು. ಆದ್ರೆ ಒಂದು ವಿಷಯ ಯಾರೂ ಹೇಳಲ್ಲ. ನಮ್ಮ ತಾತ ಮೂರು ಕಿಲೋಮೀಟ್ರು ಆಳದ ಗಣೀಲಿ ಡ್ರಿಲ್ ಹಿಡ್ಕೊಂಡು ಕಲ್ಲಿನ ಧೂಳು ಕುಡಿದೋನು. ಕೊನೆಗಾಲದಲ್ಲಿ ಮಲಗಿದ್ರೆ ಉಸಿರು ಕಟ್ತಿತ್ತು ಅಂತ ರಾತ್ರಿಯೆಲ್ಲಾ ಗೋಡೆಗೆ ಒರಗಿ ಕೂತಿರ್ತಿದ್ನಂತೆ, ಆ ಗೋಡೇಲಿ ಅವನ ಬೆನ್ನಿನ ಎಣ್ಣೆ ಕಲೆ ಇತ್ತು, ಸುಣ್ಣ ಹೊಡೆದ್ರೂ ಮತ್ತೆ ಮೇಲಕ್ಕೆ ಬರ್ತಿತ್ತು, ನಾನೇ ನೋಡಿದೀನಿ. ಸಿಲಿಕೋಸಿಸ್. ಅದಕ್ಕೆ ಪರಿಹಾರ ಕೊಡ್ಲೇಬೇಕು ಅಂತ ರೂಲ್ಸ್ ಬಂದಿದ್ದು 1940ರಲ್ಲಿ, ಮಾಡಿದ್ದು ಮೈಸೂರು ಸರ್ಕಾರ. ಅಷ್ಟೊತ್ತಿಗೆ ಕಂಪನಿ ಚಿನ್ನ ತೆಗೆಯೋಕೆ ಶುರು ಮಾಡಿ ಅರವತ್ತು ವರ್ಷ ಆಗಿತ್ತು. ಮಾರ್ಕೆಟ್ಟು ಇನ್ನೆಷ್ಟು ವರ್ಷ ಕಾಯ್ಬೇಕಿತ್ತಪ್ಪ?

ಕೋರ್ಟ್ ಐತಲ್ಲ, ಕೇಸ್ ಹಾಕ್ಬೋದಿತ್ತು ಅಂತೀಯ, ಗೊತ್ತು. ಉಸಿರು ಬಿಡೋಕಾಗ್ದೋನು ಲಂಡನ್ ಕಂಪನಿ ಮೇಲೆ ಕೇಸು ನಡೆಸ್ತಾನಾ?

ಇನ್ನೊಂದು. 2013-14ರಲ್ಲಿ ದೇಶದಲ್ಲಿ ಆರೋಗ್ಯಕ್ಕೆ ಆಗೋ ಪ್ರತಿ 100 ರೂಪಾಯಿ ಖರ್ಚಲ್ಲಿ 64 ರೂಪಾಯಿ ಜನರ ಜೇಬಿಂದ ಹೋಗ್ತಿತ್ತು, 2021-22ರ ಲೆಕ್ಕದಲ್ಲಿ ಅದು 39 ಆಗೈತೆ, ಸರ್ಕಾರದ್ದೇ ಲೆಕ್ಕ. ಅಷ್ಟು ಇಳಿದಿದ್ದು ಪೈಪೋಟಿಯಿಂದ ಅಲ್ಲ ತಮ್ಮಾ.

ಗುಲಾಬಿ ಈರುಳ್ಳಿ (ಗುಡಿಬಂಡೆ)

ನಾನು ಭಾವನ ಕಡೆ!! ಅರ್ಧ.

ನಮ್ದು ರೋಸ್ ಈರುಳ್ಳಿ. ಸಣ್ಣ ಗಡ್ಡೆ, ಕೆಂಪಗೆ, ಖಾರ. ನಮ್ ಮನೇಲೂ ಸಾಂಬಾರಿಗೆ ಹಾಕಲ್ಲ, ಇದು ಹೋಗೋದೆಲ್ಲಾ ಮಲೇಷಿಯಾ, ಸಿಂಗಾಪುರ, ಶ್ರೀಲಂಕಾ. ಲೋಕಲಲ್ಲಿ ಕೇಳೋರೇ ಇಲ್ಲ. 2019 ಸೆಪ್ಟೆಂಬರಲ್ಲಿ ದೆಹಲಿಲಿ ಈರುಳ್ಳಿ ರೇಟು ಏರ್ತು ಅಂತ ಎಲ್ಲಾ ಈರುಳ್ಳಿನೂ ಎಕ್ಸ್‌ಪೋರ್ಟ್ ಬಂದ್ ಮಾಡಿದ್ರು. ಅಲ್ಲಾ ಸ್ವಾಮಿ, ದೆಹಲಿಯೋರು ತಿನ್ನೋದೇ ಬೇರೆ ಈರುಳ್ಳಿ, ನಮ್ದು ನಿಲ್ಸಿದ್ರೆ ಅವ್ರಿಗೆ ಹೆಂಗ್ ಸಸ್ತಾ ಆಗ್ತದೆ? ಒಂದ್ ತಿಂಗಳು ಗೋಳಾಡಿದ ಮೇಲೆ 9,000 ಟನ್ ಬಿಡ್ತೀವಿ, ಅದೂ ಚೆನ್ನೈ ಬಂದರಿಂದ ಮಾತ್ರ, ಅದೂ ತೋಟಗಾರಿಕೆ ಕಮಿಷನರ್ ಸರ್ಟಿಫಿಕೇಟ್ ಇದ್ರೆ ಅಂದ್ರು. ಅಷ್ಟರಲ್ಲಿ ನಮ್ ಶೆಡ್ಡಲ್ಲಿ ಮೂಟೆ ಕೆಳಗಿಂದ ನೀರು ಸೋರ್ತಿತ್ತು, ಮೂಗು ಮುಚ್ಕೊಂಡು ಆರಿಸ್ತಿದ್ವಿ, ಹತ್ತು ಮೂಟೇಲಿ ಆರು ಉಳೀತು. 2023 ಡಿಸೆಂಬರಲ್ಲಿ ಮತ್ತೆ ಬಂದ್. ರಾಜಾಜಿ ಪರ್ಮಿಟ್ ರಾಜ್ ಅಂದಿದ್ದು ಹಳೇ ಕತೆ ಅಂದ್ಕೊಂಡಿದ್ದೀರಾ, ನಮ್ ಶೆಡ್ಡಿಗೆ ಬನ್ನಿ ತೋರಿಸ್ತೀನಿ.

ಇನ್ನರ್ಧ ಏನಂದ್ರೆ ನೀರು. ನಮ್ ಕಡೆ ಬೋರು ಸಾವಿರ ಅಡಿ ದಾಟಿದ್ರೂ ಧೂಳೇ ಬರ್ತದೆ. ನಮ್ ಕಡೆಗೆ ನೀರು ತರೋ ಎತ್ತಿನಹೊಳೆ ಯೋಜನೆಗೆ 2012ರಲ್ಲಿ 8,323 ಕೋಟಿ ಅಂದ್ರು, ಆಮೇಲೆ 12,912 ಕೋಟಿ ಆಯ್ತು, ಈಗ 23,251 ಕೋಟಿ. ಸಕಲೇಶಪುರದಲ್ಲಿ 2024 ಸೆಪ್ಟೆಂಬರಲ್ಲಿ ಬಟನ್ ಒತ್ತಿ ಬಾಗಿನ ಕೊಟ್ರು, ನಮ್ ಕೆರೇಲಿ ಈಗ್ಲೂ ಜಾಲಿ ಗಿಡ. ಇಷ್ಟು ದುಡ್ಡು ತಿಂದಿದ್ದು ನೋಡಿದ್ರೆ ಭಾವ ಹೇಳೋದೇ ಸರಿ ಅನ್ಸ್ತದೆ. ಆದ್ರೆ ಯಾವ ಪ್ರೈವೇಟ್‌ನೋನು ಗುಡಿಬಂಡೆಗೆ ಪೈಪ್ ಹಾಕ್ತಾನೆ ಹೇಳಿ, ಅವನಿಗೇನ್ ಲಾಭ. ಬೈಕೊಂಡು ಬೈಕೊಂಡು ಸರ್ಕಾರನೇ ಕಾಯ್ತಾ ಕೂತಿದೀವಿ.

ತಟ್ಟೆ ಇಡ್ಲಿ (ತುಮಕೂರು)

ಎಲ್ಲಾ ಸರಿ, ಲಿಬರ್ಟೇರಿಯನ್ ಭಾವ ಊರಿಂದ ವಾಪಸ್ ಹೋಗುವಾಗ ಅಕ್ಕನ್ನ ಫ್ರೀ ಬಸ್ಸಲ್ಲಿ ಕಳ್ಸಿದ್ರಾ ಇಲ್ಲ ಟಿಕೆಟ್ ತಗೊಂಡ್ರಾ?

ಪರ್ಮಿಟ್ ಬೇಡ (ತುಮಕೂರು)

ಚಾಂಪಿಯನ್ ರೀಫ್ ಅಣ್ಣ, ನಿಮ್ ತಾತನ ವಿಷಯಕ್ಕೆ ನನ್ ಹತ್ರ ಉತ್ತರ ಇಲ್ಲ. ಒಬ್ಬರ ಆರೋಗ್ಯ ಇನ್ನೊಬ್ಬ ಹಾಳು ಮಾಡಿದ್ರೆ ಅದು ತಪ್ಪು, ದಂಡ ಕಟ್ಟಿಸ್ಬೇಕು ಅಂತ ಲಿಬರ್ಟೇರಿಯನ್ನರೂ ಹೇಳ್ತಾರೆ, ಆದ್ರೆ ಹೇಳೋದಕ್ಕೂ ಆಗೋದಕ್ಕೂ ಅರವತ್ತು ವರ್ಷ ಅಂದ್ರೆ ನಾಚಿಕೆ ಆಗ್ತದೆ.

ಆದ್ರೆ ಸರ್ಕಾರ ಇಲ್ಲಾಂದ್ರೆ ಬಡವನಿಗೆ ಆಪರೇಷನ್ನೇ ಇಲ್ಲ ಅನ್ನೋದು ಒಪ್ಪಲ್ಲ. ಯಶಸ್ವಿನಿ ನೆನಪಿದ್ಯಾ? 2003ರಲ್ಲಿ ಶುರುವಾದಾಗ ಸೊಸೈಟಿ ಮೆಂಬರು ತಿಂಗಳಿಗೆ 5 ರೂಪಾಯಿ ಕಟ್ಟೋದು, ಅಷ್ಟಕ್ಕೇ ಆಪರೇಷನ್. ಹಾಲಿನ ಡೈರಿ ತರದ ಸಹಕಾರ ಸಂಘದ ಮೆಂಬರ್‌ಗಳು ತಾವೇ ದುಡ್ಡು ಹಾಕ್ಕೊಂಡ ವ್ಯವಸ್ಥೆ. 2018ರಲ್ಲಿ ಸರ್ಕಾರ ಅದನ್ನ ದೊಡ್ಡ ಸ್ಕೀಮಿಗೆ ಸೇರಿಸಿ ನಿಲ್ಸಿಬಿಡ್ತು, 2022ರಲ್ಲಿ ಮತ್ತೆ ತರ್ಬೇಕಾಯ್ತು.

ವಿದೇಶಾಂಗದ ಬಗ್ಗೆ ಯಾರೂ ಮಾತಾಡ್ಲಿಲ್ಲ. ಅಮೆರಿಕದ ರಾನ್ ಪಾಲ್ ಅಂತ, ಹೆರಿಗೆ ಡಾಕ್ಟ್ರು, ಆಗ ಟೆಕ್ಸಾಸ್ ಸಂಸದ ಆಗಿದ್ರು. 2002ರಲ್ಲಿ ಇರಾಕ್ ಯುದ್ಧಕ್ಕೆ ತಮ್ಮ ರಿಪಬ್ಲಿಕನ್ ಪಕ್ಷ ಪೂರ್ತಿ ಕುಣೀತಿದ್ರೂ ಬೇಡ ಅಂತ ವೋಟ್ ಹಾಕಿದ ಬೆರಳೆಣಿಕೆ ಜನದಲ್ಲಿ ಒಬ್ರು. ಮನೇಲಿ ಖರ್ಚು ಕಡಿಮೆ ಮಾಡಿ ಅನ್ನೋನು ಹೊರದೇಶದಲ್ಲಿ ಬಾಂಬ್ ಹಾಕೋಕೆ ಸಾಲ ಮಾಡಿ ಅನ್ನೋಕಾಗಲ್ಲ ಅಂತ ಅವರ ವಾದ. ರಾಜಾಜಿನೂ 83ನೇ ವಯಸ್ಸಲ್ಲಿ, 1962ರಲ್ಲಿ, ವಾಷಿಂಗ್ಟನ್‌ಗೆ ಹೋಗಿ ಕೆನಡಿ ಮುಂದೆ ಅಣುಬಾಂಬ್ ಪರೀಕ್ಷೆ ನಿಲ್ಸಿ ಅಂತ ಕೂತ್ರು. ಆದ್ರೆ ಇಬ್ರೂ ಒಂದೇ ಅನ್ಬೇಡಿ. ಅಮೆರಿಕಕ್ಕೆ ಎರಡು ಕಡೆ ಸಮುದ್ರ, ನಮಗೆ ಒಂದ್ ಕಡೆ ಚೀನಾ ಒಂದ್ ಕಡೆ ಪಾಕಿಸ್ತಾನ. ಸ್ವತಂತ್ರ ಪಕ್ಷದೋರು ಸೈನ್ಯಕ್ಕೆ ಖರ್ಚು ಕಮ್ಮಿ ಮಾಡಿ ಅಂದೋರಲ್ಲ.

ಚಾಂಪಿಯನ್ ರೀಫ್ (ಕೆಜಿಎಫ್)

ಯಶಸ್ವಿನಿಗೆ ಸರ್ಕಾರನೂ ದುಡ್ಡು ಹಾಕ್ತಿತ್ತು ತಮ್ಮಾ, ಬರೀ 5 ರೂಪಾಯಲ್ಲಿ ನಡೀಲಿಲ್ಲ. ಅದನ್ನ ಬಿಟ್ಬಿಟ್ಟೆ ನೋಡು.

ಅರ್ಜೆಂಟೀನಾದಲ್ಲಿ ನಿಮ್ಮೋನೇ ಒಬ್ಬ ಗರಗಸ ಹಿಡ್ಕೊಂಡು ಅಧಿಕಾರಕ್ಕೆ ಬಂದವ್ನಲ್ಲ, ಮಿಲೇ. 18 ಇಲಾಖೆ 9 ಮಾಡ್ದ. ತಿಂಗಳಿಗೆ 25 ಪರ್ಸೆಂಟ್ ಏರ್ತಿದ್ದ ಬೆಲೆ ಒಂದ್ ವರ್ಷಕ್ಕೆ 2.7ಕ್ಕೆ ಬಂತು, ಒಪ್ಕೋತೀನಿ. ಆದ್ರೆ 2024ರ ಮೊದಲ ಆರು ತಿಂಗಳು ಬಡತನ 52.9 ಪರ್ಸೆಂಟ್ ಮುಟ್ಟಿತ್ತು. ಆಮೇಲೆ 38ಕ್ಕೆ ಇಳೀತು ಅಂತೀಯ. ಆ ಮಧ್ಯದ ಆರು ತಿಂಗಳು ಮಾತ್ರೆ ತಗೊಳ್ದೆ ಇರೋಕೆ ಆಗ್ತದಾ ಹಾರ್ಟ್ ಪೇಷಂಟಿಗೆ?

ಹಿಪ್ನೇರಳೆ ಹುಡ್ಗ (ಶಿಡ್ಲಘಟ್ಟ)

ಎಲ್ರಿಗೂ ಥ್ಯಾಂಕ್ಸ್. ತಟ್ಟೆ ಇಡ್ಲಿ ಸಾರ್, ಅವ್ರು ಕಾರಲ್ಲಿ ಬಂದಿದ್ರು 😀

ನಿನ್ನೆ ರಾತ್ರಿ ಇದೆಲ್ಲಾ ಅಪ್ಪಂಗೆ ಓದಿ ಹೇಳ್ದೆ. ಗುಡಿಬಂಡೆಯೋರ ಈರುಳ್ಳಿ ಕತೆ ಕೇಳಿ "ಪಾಪ, ಗೇಟ್ ತೆಗೀಬೇಕಿತ್ತು" ಅಂದ್ರು. ಹಂಗಾದ್ರೆ ರೇಷ್ಮೆಗೆ ಮಾತ್ರ ಯಾಕೆ ಗೇಟು ಅಂದೆ. 2011ರ ಬಜೆಟ್ಟಲ್ಲಿ ಕಚ್ಚಾ ರೇಷ್ಮೆ ಸುಂಕ 30ರಿಂದ 5 ಪರ್ಸೆಂಟ್‌ಗೆ ಇಳಿಸಿದ್ದು ಅಪ್ಪಂಗೆ ಮಗಳ ಮದುವೆ ತಾರೀಖಿಗಿಂತ ಚೆನ್ನಾಗಿ ನೆನಪೈತೆ. ಮಾರ್ಕೆಟ್ಟಲ್ಲಿ ಗೂಡು ಹಾಕ್ಕೊಂಡು ಸಾಯಂಕಾಲದವರ್ಗೂ ಕೂತಿದ್ರಂತೆ, ಹರಾಜು ಕೂಗೋನು ಇವ್ರ ಲಾಟ್ ಹತ್ರ ಬಂದು ಗೂಡು ಕೈಯಲ್ಲಿ ಅಲ್ಲಾಡಿಸಿ ನೋಡಿ ಮುಂದೆ ಹೋದ್ನಂತೆ, ಗೂಡಿಂದ ನೂಲು ತೆಗೆಯೋ ರೀಲರ್‌ಗಳು ಯಾರೂ ಬಾಯೇ ಬಿಡ್ಲಿಲ್ಲ. 2013ರಲ್ಲಿ 15 ಮಾಡಿದ ಮೇಲೆ ಸ್ವಲ್ಪ ಉಸಿರು ಬಂತು. ಸುಂಕ ಹಾಕಿದ್ರೆ ದೊಡ್ಡಬಳ್ಳಾಪುರದ ಮಗ್ಗದೋರಿಗೆ ನೂಲು ದುಬಾರಿ ಆಗ್ತದಲ್ಲಪ್ಪ ಅಂದ್ರೆ "ಅವ್ರು ಅವ್ರ ಭಾವನ್ನ ಕೇಳ್ಕೊಳ್ಲಿ" ಅಂದ್ಬಿಟ್ರು.

2025ರಲ್ಲಿ ಅಮೆರಿಕದೋರು ನಮ್ ಮೇಲೆ 50 ಪರ್ಸೆಂಟ್ ಸುಂಕ ಹಾಕಿದಾಗ ಇದೇ ಅಪ್ಪ ಟಿವಿ ಮುಂದೆ ಬಾಯಿಗೆ ಬಂದಂಗೆ ಬೈದಿದ್ರು, ಅದನ್ನ ಜ್ಞಾಪಿಸೋಕೆ ಹೋಗಿ ಬಾಯಿ ಕಚ್ಕೊಂಡೆ.

ಇನ್ನೊಂದು ವಿಷಯ ಅಕ್ಕ ಫೋನಲ್ಲಿ ಹೇಳಿದ್ಲು. ಅಪ್ಪ ಡೈರಿ ಮೆಂಬರ್ ಅಲ್ವಾ, ಈ ಸಲದ ಯಶಸ್ವಿನಿ 500 ರೂಪಾಯಿ ಭಾವನೇ ಕಟ್ಟವ್ರಂತೆ, ಯಾರ್ಗೂ ಹೇಳ್ಬೇಡ ಅಂದಿದ್ರಂತೆ. ಸ್ಟೆಂಟ್ ವಿಷಯ ಎತ್ತದೇ ಇದ್ದಿದ್ದು ಒಳ್ಳೇದಾಯ್ತು.

ಇನ್ನೂ ಬರೀಬೇಕಿತ್ತು, ಆದ್ರೆ ಹುಳ ನಾಲ್ಕನೇ ಜ್ವರ (ಪೊರೆ ಬಿಡೋದು) ಮುಗಿಸಿ ಎದ್ದವೆ, ಸೊಪ್ಪಿಗೆ ಅಪ್ಪ ಕೂಗ್ತಾವ್ರೆ. ರಾತ್ರಿ ಬತ್ತೀನಿ.