ಕವರ್ ಲೆಟರ್ ಎಷ್ಟು ಉದ್ದ ಇರಬೇಕು? ಅನುಭವ ಇದ್ದವರು ತಿಳಿಸಿ

ಪ್ರಶ್ನೆ (ಹಾವೇರಿ)
ಎಂ.ಕಾಂ. ಮುಗಿಸಿ ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಟ್ಯಾಲಿ ಲೆಕ್ಕ ಮತ್ತು ಜಿಎಸ್‌ಟಿ ರಿಟರ್ನ್ ನೋಡಿಕೊಳ್ಳುತ್ತಿದ್ದೆ. ತಾಯಿಯವರ ಅನಾರೋಗ್ಯದಿಂದ ಕೆಲಸ ಬಿಟ್ಟು ಒಂದು ವರ್ಷವಾಗಿದೆ. ಈಗ ಹುಬ್ಬಳ್ಳಿಯ ಕಂಪನಿಯೊಂದು ಅಕೌಂಟೆಂಟ್ ಹುದ್ದೆಗೆ ಬಯೋಡಾಟಾದ ಜೊತೆ ಕವರ್ ಲೆಟರನ್ನೂ (ಆ ಹುದ್ದೆಗೆ ನಾನೇಕೆ ತಕ್ಕವಳು ಎಂದು ತಿಳಿಸುವ ಪತ್ರ) ಇ-ಮೇಲ್ ಮಾಡುವಂತೆ ಕೇಳಿದೆ. ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಗಳು ಪುಟ ತುಂಬ ಬರೆಯಬೇಕೆಂದರು; ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಐದು ಸಾಲು ಸಾಕೆನ್ನುತ್ತಾನೆ. ಯಾರ ಮಾತು ಕೇಳಲಿ?

ಸಪ್ತಾಪುರ, ಧಾರವಾಡ
ಇಬ್ಬರ ಮಾತನ್ನೂ ಕೇಳಬೇಡಿ. ನಾನು ಶಿಕ್ಷಕ ಹುದ್ದೆಗೆ ಬರೆದ ಪತ್ರ ಪೂರ್ತಿ ಎರಡು ಪುಟ ಇತ್ತು. ಭಿನ್ನರಾಶಿಯೆಂದರೆ ಬೆದರುವ ಆರನೆಯ ತರಗತಿಯ ಮಕ್ಕಳ ಮುಂದೆ ಜೋಳದ ರೊಟ್ಟಿಯನ್ನು ನಾಲ್ಕು ತುಂಡು ಮಾಡಿ, ಮೂರನ್ನು ತಟ್ಟೆಗೆ ಹಾಕಿ ಮುಕ್ಕಾಲು ಎಂಬುದನ್ನು ಹೇಗೆ ತೋರಿಸುತ್ತೇನೆಂದು ಅದರಲ್ಲಿ ವಿವರವಾಗಿ ಬರೆದಿದ್ದೆ. ಸಂದರ್ಶನದ ದಿನ ಮುಖ್ಯೋಪಾಧ್ಯಾಯರ ಮೇಜಿನ ಮೇಲಿದ್ದ ನನ್ನ ಪತ್ರದ ಎರಡನೆಯ ಪುಟದಲ್ಲಿ ಕೆಂಪು ಶಾಯಿಯ ಗೆರೆಗಳಿದ್ದವು, ಪ್ರಶ್ನೆಗಳೆಲ್ಲ ಅಲ್ಲಿಂದಲೇ ಬಂದವು. ಆರು ಸಾಲು ಬರೆದು ಬಂದಿದ್ದವರನ್ನು ಏನು ಕೇಳಿದರೋ ನನಗೆ ತಿಳಿಯದು, ಆದರೆ ಕೆಲಸ ಸಿಕ್ಕಿದ್ದು ನನಗೆ.

ಗೋಕುಲ ರಸ್ತೆ, ಹುಬ್ಬಳ್ಳಿ
ಗುರುಗಳಿಗೆ ಓದುವ ಮುಖ್ಯೋಪಾಧ್ಯಾಯರು ಸಿಕ್ಕಿದ್ದು ಅವರ ಪುಣ್ಯ. ನಾನು ಕಾರ್ಖಾನೆಯೊಂದರಲ್ಲಿ ಅರ್ಜಿಗಳನ್ನು ತೆರೆಯುವವನು. ತಿಂಗಳ ಮೊದಲ ವಾರ ಸಂಬಳದ ಪಟ್ಟಿ, ಅದು ಮುಗಿಯುವಷ್ಟರಲ್ಲಿ 15ನೆಯ ತಾರೀಖಿನೊಳಗೆ ಪಿಎಫ್ ಮತ್ತು ಇಎಸ್‌ಐ ಕಟ್ಟುವ ಧಾವಂತ. ಇವುಗಳ ನಡುವೆ ಅರ್ಜಿ ನೋಡುವುದು ಮೊಬೈಲಿನಲ್ಲಿ. ಕವರ್ ಲೆಟರಿಗೊಂದು ಪಿಡಿಎಫ್, ಬಯೋಡಾಟಾಕ್ಕೊಂದು ಪಿಡಿಎಫ್, ಎರಡಕ್ಕೂ ‘ನ್ಯೂ ಡಾಕ್ಯುಮೆಂಟ್’ ಎಂಬ ಹೆಸರು ಇದ್ದರೆ ಯಾವುದನ್ನು ಮೊದಲು ತೆರೆಯಬೇಕು? ಬೇರೆ ಕಡತ ಕೇಳಿಲ್ಲವಾದರೆ ಇ-ಮೇಲಿನಲ್ಲಿಯೇ ಮೂರು ಪ್ಯಾರಾ, ಹೆಚ್ಚೆಂದರೆ 250ರಿಂದ 300 ಪದ ಬರೆದರೆ ಸಾಕು. ಪುಟ ಎಂದರೆ 11 ಪಾಯಿಂಟಿನ ಅಕ್ಷರ, ಸುತ್ತ ಒಂದು ಇಂಚಿನ ಅಂಚು ಇರುವ ಪುಟ. ಅಕ್ಷರವನ್ನು 8 ಪಾಯಿಂಟಿಗೆ ಇಳಿಸಿ ಎಲ್ಲವನ್ನೂ ಒಂದೇ ಪುಟದಲ್ಲಿ ತುರುಕಿ ‘ಒಂದೇ ಪುಟ ಇದೆ ಸರ್’ ಎನ್ನುವವರೂ ಇದ್ದಾರೆ. ಅದು ಎರಡು ಪುಟವೇ. ಮೊದಲ ನಾಲ್ಕು ಸಾಲುಗಳನ್ನು ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂಬುದಕ್ಕೇ ಕೊಟ್ಟರೆ ವಿನಂತಿ ಏನೆಂದು ನೋಡಲು ತೆರೆಯನ್ನು ಸರಿಸಬೇಕಾಗುತ್ತದೆ.

ಸಪ್ತಾಪುರ, ಧಾರವಾಡ
ಇಂದ, ಗೆ, ವಿಷಯ, ಮಾನ್ಯರೇ ಎಂದು ಕ್ರಮವಾಗಿ ಬರೆಯಲು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ನಾವು ವರ್ಷವಿಡೀ ಕಲಿಸುತ್ತೇವೆ, ಅದಕ್ಕೆ ಅಂಕವೂ ಇದೆ. ತಮಗೆ ಅದು ತೆರೆ ಸರಿಸುವ ಕಷ್ಟವಾಗಿ ಕಾಣಿಸಿದ್ದು ನಮ್ಮ ದೌರ್ಭಾಗ್ಯ. 1482ರ ಸುಮಾರಿಗೆ ಲಿಯೊನಾರ್ಡೊ ಡಾ ವಿಂಚಿ ಮಿಲಾನನ್ನು ಆಳುತ್ತಿದ್ದ ಲುಡೋವಿಕೊ ಸ್ಫೋರ್ಜಾನಲ್ಲಿ ಕೆಲಸ ಕೇಳಿ ಬರೆದ ಪತ್ರದ ಕರಡು ಇಂದಿಗೂ ಉಳಿದಿದೆ, ಅದರಲ್ಲಿ ತಾನು ಮಾಡಬಲ್ಲ ಕೆಲಸಗಳನ್ನು ಒಂದೊಂದಾಗಿ ಅಂಕಿ ಹಾಕಿ ವಿವರಿಸಿದ್ದಾನೆ. ಮುನ್ನೂರು ಪದದ ಗಡಿಯನ್ನು ಅವನಿಗೆ ಯಾರೂ ಹಾಕಿರಲಿಲ್ಲ.

ಗೋಕುಲ ರಸ್ತೆ, ಹುಬ್ಬಳ್ಳಿ
ಆ ಪತ್ರವನ್ನು ನಾನೂ ಬಲ್ಲೆ, ಗುರುಗಳೇ. ಹಗುರವಾದ ಸೇತುವೆ, ಫಿರಂಗಿ, ಮುಚ್ಚಿದ ರಥ, ಇವು ಮೊದಲು. ಚಿತ್ರ ಬರೆಯಬಲ್ಲೆ ಎಂಬುದು ಕೊನೆಗೆ ಬರುತ್ತದೆ. ಯುದ್ಧದ ಚಿಂತೆಯಲ್ಲಿದ್ದವನಿಗೆ ಬೇಕಾದುದನ್ನು ಮುಂದಿಟ್ಟು, ತನ್ನ ಹೆಮ್ಮೆಯ ವಿದ್ಯೆಯನ್ನು ಹಿಂದಿಟ್ಟವನು ನನ್ನ ಕಡೆಯ ಸಾಕ್ಷಿಯೇ ಹೊರತು ನಿಮ್ಮ ಕಡೆಯವನಲ್ಲ.

ಬೆಟಗೇರಿ, ಗದಗ
ದೊಡ್ಡವರ ಜಗಳದಲ್ಲಿ ಖರ್ಚಿನ ಮಾತನ್ನು ಯಾರೂ ಎತ್ತಿಲ್ಲ. ಕನ್ನಡದಲ್ಲಿ ಅರ್ಜಿ ಕೇಳಿದ್ದ ಸಂಸ್ಥೆಯೊಂದಕ್ಕೆ ನಾನು ಡಿಟಿಪಿ ಅಂಗಡಿಯಲ್ಲಿ ಪತ್ರ ಮಾಡಿಸಿದೆ. ಪುಟಕ್ಕೆ 40 ರೂಪಾಯಿ, ತಿದ್ದುಪಡಿಗೆ ಪ್ರತಿ ಸಲ 10, ಬಾಂಡ್ ಹಾಳೆಗೆ 5, ಅವರ ಕಂಪ್ಯೂಟರಿನಿಂದಲೇ ಇ-ಮೇಲ್ ಮಾಡಿದ್ದಕ್ಕೆ 20. ನಾನು ಒಯ್ದದ್ದು ಅರ್ಧ ಪುಟದ ಬರಹ. ಅರ್ಧಕ್ಕೂ ಪೂರ್ತಿ ಪುಟದ ದರವೇ ಆಗುವುದರಿಂದ ತುಂಬಿಸಿಬಿಡೋಣ ಎಂದು ಅಂಗಡಿಯವರೇ ‘ತಮ್ಮ ಸಂಸ್ಥೆಯ ಏಳಿಗೆಗೆ ಹಗಲಿರುಳು ಶ್ರಮಿಸುತ್ತೇನೆ’ ಎಂಬಂಥ ಸಾಲುಗಳನ್ನು ಸೇರಿಸಿದರು. ಅದನ್ನೂ ಸಹಿಸಿಕೊಂಡೆ. ಆದರೆ ಅವರು ಬೆರಳಚ್ಚು ಮಾಡಿದ್ದು ಹಳೆಯ ನುಡಿ ಅಕ್ಷರದಲ್ಲಿ. ಅದನ್ನು ಹಾಗೆಯೇ ಇ-ಮೇಲಿಗೆ ಅಂಟಿಸಿದಾಗ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪತ್ರವೆಲ್ಲ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರಾಶಿಯಾಗಿ ಕಾಣಿಸಿತಂತೆ. ಅದು ಉದ್ದವೋ ಗಿಡ್ಡವೋ ಎಂದು ಓದಿದವರೇ ಇಲ್ಲ. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡಿನಲ್ಲಿ ಮಾಡಿಕೊಡಿ ಎಂದು ಮತ್ತೆ ಹೋದರೆ ಪುನಃ 40 ಕೇಳಿದರು. ಕೊಡಲಿಲ್ಲ.

ನವನಗರ, ಹುಬ್ಬಳ್ಳಿ
ನನ್ನ ಪತ್ರ ಒಂದೇ ಪುಟದ್ದು, ಎಲ್ಲರೂ ಒಪ್ಪುವ ಅಳತೆಯದು. ಆದರೆ ಅರ್ಜಿಯನ್ನು ಕಂಪನಿಯ ಜಾಲತಾಣದಲ್ಲಿ ತುಂಬಬೇಕಿತ್ತು, ಅಲ್ಲಿನ ಪೆಟ್ಟಿಗೆಗೆ ಅಕ್ಷರಗಳ ಮಿತಿಯಿತ್ತು, ಆ ಮಿತಿಯನ್ನು ಎಲ್ಲಿಯೂ ಬರೆದಿರಲಿಲ್ಲ. ಅಂಟಿಸಿದ ಪತ್ರವನ್ನು ಅದು ಸದ್ದಿಲ್ಲದೆ ಕತ್ತರಿಸಿತು. ‘ಹಿಂದಿನ ಕೆಲಸವನ್ನು ನಾನು ಬಿಟ್ಟದ್ದು ಏಕೆಂದರೆ’ ಎಂಬಲ್ಲಿಗೆ ನನ್ನ ಅರ್ಜಿ ನಿಂತಿತ್ತು. ಸಂದರ್ಶಕರು ಅದನ್ನು ಗಟ್ಟಿಯಾಗಿ ಓದಿ, ಮುಂದೆ ಹೇಳಿ ಎಂದು ನಕ್ಕರು. ಪುಟದ ಲೆಕ್ಕ ಹೇಳುವ ಸಾಹೇಬರು ಇಂಥ ಪೆಟ್ಟಿಗೆಗಳನ್ನು ಮಾಡಿಸುವವರಿಗೂ ಎರಡು ಮಾತು ಹೇಳಲಿ.

ಗೋಕುಲ ರಸ್ತೆ, ಹುಬ್ಬಳ್ಳಿ
ಪೆಟ್ಟಿಗೆ ಮಾಡಿಸಿದವನು ನಾನಲ್ಲ. ಅಂಟಿಸಿದ ಮೇಲೆ ಕೊನೆಯ ಸಾಲನ್ನು ನೋಡಿಕೊಳ್ಳುವುದು ಅರ್ಜಿದಾರರ ಕೆಲಸ.

ನವನಗರ, ಹುಬ್ಬಳ್ಳಿ
ಮೊಬೈಲಿನಲ್ಲಿ ನಾಲ್ಕು ಸಾಲು ಓದಲು ಬೇಸರಪಡುವವರು ಬೇರೆಯವರಿಗೆ ಕೊನೆಯ ಸಾಲಿನ ಪಾಠ ಹೇಳುತ್ತಿದ್ದಾರೆ.

ಪ್ರಶ್ನೆ ಕೇಳಿದವರು (ಹಾವೇರಿ)
ಎಲ್ಲರಿಗೂ ಧನ್ಯವಾದಗಳು. ಇ-ಮೇಲಿನಲ್ಲಿಯೇ ಮೂರು ಪ್ಯಾರಾ ಬರೆದಿದ್ದೇನೆ. ಮೊದಲನೆಯದರಲ್ಲಿ ಹುದ್ದೆಯ ಹೆಸರು, ಎರಡನೆಯದರಲ್ಲಿ ಟ್ಯಾಲಿ ಮತ್ತು ಜಿಎಸ್‌ಟಿ ಕೆಲಸ ಇದೆ. ಕೆಲಸ ಬಿಟ್ಟ ಒಂದು ವರ್ಷದ ವಿಷಯಕ್ಕೆ ಮೂರನೆಯ ಪ್ಯಾರಾ ಪೂರ್ತಿ ಹೋಗಿದೆ. ಅಷ್ಟು ಬೇಕೇ?

ಗೋಕುಲ ರಸ್ತೆ, ಹುಬ್ಬಳ್ಳಿ
ಬೇಡ, ತಂಗೀ. ‘ಕುಟುಂಬದ ಆರೋಗ್ಯದ ಕಾರಣದಿಂದ ಬಿಟ್ಟಿದ್ದೆ, ಈಗ ಸೇರಲು ಅಡ್ಡಿಯಿಲ್ಲ’ ಎಂಬ ಒಂದು ವಾಕ್ಯ ಸಾಕು. ಉಳಿದ ಜಾಗದಲ್ಲಿ ಸುಗ್ಗಿಯ ದಿನಗಳಲ್ಲಿ ಅಂಗಡಿಯ ಲೆಕ್ಕವನ್ನು ಅಂದಂದೇ ಹೇಗೆ ಮುಗಿಸುತ್ತಿದ್ದಿರಿ ಎಂದು ಬರೆಯಿರಿ, ಯಾವಾಗಿನಿಂದ ಸೇರಬಲ್ಲಿರಿ ಎಂಬುದನ್ನೂ ತಿಳಿಸಿ.

ಸಪ್ತಾಪುರ, ಧಾರವಾಡ
ತಾಯಿಯ ಆರೈಕೆಗೆ ಒಂದೇ ವಾಕ್ಯ! ಕಾರ್ಖಾನೆಯವರ ಲೆಕ್ಕ ಇದು.

ಬೆಟಗೇರಿ, ಗದಗ
ಎಷ್ಟಾದರೂ ಬರೆಯಿರಿ, ಆದರೆ ಮೊದಲು ಮನೆಯವರ ಇ-ಮೇಲಿಗೆ ಕಳುಹಿಸಿ, ಅವರ ಮೊಬೈಲಿನಲ್ಲಿ ತೆರೆದು ಅಕ್ಷರಗಳು ಸರಿಯಾಗಿ ಬಂದಿವೆಯೇ ಎಂದು ನೋಡಿಕೊಂಡು ಆಮೇಲೆ ಕಂಪನಿಗೆ ಕಳುಹಿಸಿ.